ಪರ್ವತದ ಹಾದಿ

ನಮ್ಮ ರೋಣ ಸೀಮೆಯಲ್ಲಿ ‘ಪರ್ವತಕ್ಕೆ ಹೋಗಿದ್ದಾರೆ’ ಎಂದರೆ, ಯಾವ ಪರ್ವತಕ್ಕೆ ಎಂದು ಯಾರೂ ಕೇಳುವುದಿಲ್ಲ. ನರಗುಂದದ ಗುಡ್ಡವೂ ಗಜೇಂದ್ರಗಡದ ಗುಡ್ಡಸಾಲೂ ದಿನವೂ ಕಣ್ಣಿಗೆ ಬೀಳುವಂಥವು. ಆದರೆ ಅವು ಗುಡ್ಡಗಳು. ಪರ್ವತವೆಂಬುದು ಒಂದೇ. ಅದು ಪೂರ್ವದಲ್ಲಿ, ನಲ್ಲಮಲೆಯ ಅಡವಿಯಲ್ಲಿ, ಕೃಷ್ಣೆಯ ದಂಡೆಯ ಮೇಲಿರುವ ಶ್ರೀಶೈಲ. ನಮ್ಮ ಎರೆಯ ಬಯಲಿನ ಊರುಗಳಲ್ಲಿ ಪರ್ವತಪ್ಪ, ಪರ್ವತಗೌಡ ಎಂಬ ಹೆಸರುಗಳು ಇಂದಿಗೂ ಹೇರಳ. ಕಾಲಿನ್ ಮೆಕೆಂಜಿ ಎಂಬ ಕಂಪನಿ ಸರಕಾರದ ಅಧಿಕಾರಿ 1794ರಲ್ಲಿ ಅಲ್ಲಿಗೆ ಹೋಗಿದ್ದನು. ಆತನ ವರದಿ 1798ರಲ್ಲಿ ‘ಏಷಿಯಾಟಿಕ್ ರಿಸರ್ಚಸ್’ ಸಂಪುಟದಲ್ಲಿ ಅಚ್ಚಾಯಿತು. ಅದರ ತಲೆಬರಹದಲ್ಲಿಯೂ ಆ ಸ್ಥಳದ ಹೆಸರು ಪರ್ವತವೆಂದೇ ಇದೆ.

ಆ ಪರ್ವತಕ್ಕೆ ಹೋದ ಅರಸರ ಸಂಗತಿ ಶಾಸನಗಳಲ್ಲಿ ಉಂಟು. 14ನೆಯ ಶತಮಾನದಲ್ಲಿ ಪ್ರೋಲಯ ವೇಮರೆಡ್ಡಿ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದನು. ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠ್ಠಲಾಂಬೆ ಪಾತಾಳಗಂಗೆಗೆ ಇಳಿಯುವ ಸೋಪಾನಗಳನ್ನು ಮಾಡಿಸಿದಳು. ಕೃಷ್ಣದೇವರಾಯನು ರಥಬೀದಿಯಲ್ಲಿ ಮಂಟಪಗಳನ್ನು ಕಟ್ಟಿಸಿದನು. 1677ರಲ್ಲಿ ಶಿವಾಜಿ ಮಹಾರಾಜರು ಬಂದು ಹೋದರು. ಆದರೆ ಆ ಮೆಟ್ಟಿಲುಗಳನ್ನು ತುಳಿದ ಒಕ್ಕಲುಮಕ್ಕಳು ಯಾತ್ರೆಯನ್ನು ಹೇಗೆ ಹೊಂದಿಸಿಕೊಂಡರು, ಹೊಂದಿಸಿಯೂ ಹೋಗಲಾರದವರು ಏನು ಮಾಡಿದರು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಅದಕ್ಕೆ ನನಗೆ ದೊರೆತಿರುವ ಆಧಾರ ಒಂದೇ: ನಮ್ಮ ಅಜ್ಜ 1939ರಿಂದ 1951ರವರೆಗೆ ಬರೆದಿಟ್ಟ ಮನೆಯ ಕಿರ್ದಿ ಪುಸ್ತಕ, ಮತ್ತು ಅದರ ಸಾಲುಗಳ ಹಿಂದಿನ ಕಥೆಯನ್ನು ಹೇಳುತ್ತಿದ್ದ ನಮ್ಮ ಅಜ್ಜಿಯ ಮಾತು.

ಪರ್ವತಯಾತ್ರೆಯ ಪಂಚಾಂಗವನ್ನು ಬರೆದದ್ದು ಎರೆಭೂಮಿ. ಹಿಂಗಾರಿ ಜೋಳದ ರಾಶಿ ಮುಗಿದು ಕಾಳು ಹಗೇವು ಸೇರಿದ ಮೇಲೆ ಒಕ್ಕಲಿಗನಿಗೆ ಕೆಲವು ವಾರಗಳ ಬಿಡುವು. ಹೋಳಿಹುಣ್ಣಿಮೆಯ ಹೊತ್ತಿಗೆ ಊರು ಬಿಟ್ಟರೆ ಯುಗಾದಿಗೆ ಮಲ್ಲಯ್ಯನ ಸನ್ನಿಧಿ. ಹಾದಿ ಹೆಚ್ಚುಕಡಿಮೆ 400 ಕಿಲೋಮೀಟರು. ಮರಳಿ ಬರುವಷ್ಟರಲ್ಲಿ ಮುಂಗಾರಿನ ಮೊದಲು ಹೊಲ ಹಸನು ಮಾಡುವ ಕಾಲ. ಈ ಬಿಡುವಿನೊಳಗೆ ಹೋಗಿಬರಲಾಗದಿದ್ದರೆ ಮತ್ತೊಂದು ವರ್ಷ ಕಾಯಬೇಕು.

ಸಿದ್ಧತೆ ಮಾತ್ರ ದೀಪಾವಳಿಗೇ ಆರಂಭವಾಗುತ್ತಿತ್ತು. ಮೊದಲನೆಯದು ಸಾಲದ ಲೆಕ್ಕ. ಕಾಲರಾ ಬೇನೆ ಜಾತ್ರೆಗಳ ಬೆನ್ನು ಹತ್ತಿದ್ದ ಕಾಲವದು. ಹೋದವರು ಮರಳುತ್ತಾರೆಂಬ ಭರವಸೆಯಿರಲಿಲ್ಲ. ಆದುದರಿಂದ ಕೊಡುವುದನ್ನು ಕೊಟ್ಟು, ಬೀಜದ ಜೋಳವನ್ನು ಬೇರೆ ತೆಗೆದಿಟ್ಟು, ದನಕರುಗಳನ್ನು ಯಾರು ನೋಡಿಕೊಳ್ಳಬೇಕೆಂದು ಗೊತ್ತುಮಾಡಿಯೇ ಹೊಸಿಲು ದಾಟುತ್ತಿದ್ದರು. ಬಳಿಕ ಬುತ್ತಿ: ವಾರಗಟ್ಟಲೆ ಕೆಡದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಮುಂದೆ ಮಲ್ಲಯ್ಯನ ಕಂಬಿ ಹೊತ್ತವರು, ಹಿಂದೆ ಊರಿನ ತಂಡ. ಒಬ್ಬೊಬ್ಬರೇ ಹೋಗುವ ಹಾದಿ ಅದಾಗಿರಲಿಲ್ಲ.

ಈ ತಂಡ ಭೂಪಟವಿಲ್ಲದೆ ಮೂರು ಸರಕಾರಗಳನ್ನು ದಾಟುತ್ತಿತ್ತು. ರೋಣ, ನರಗುಂದ, ಗಜೇಂದ್ರಗಡಗಳು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಗಜೇಂದ್ರಗಡದ ಆಚೆ ಕುಷ್ಟಗಿಗೆ ಕಾಲಿಟ್ಟರೆ ನಿಜಾಮನ ರಾಜ್ಯ; ತುಂಗಭದ್ರೆಯನ್ನು ದಾಟಿದರೆ ಮದರಾಸು ಆಧಿಪತ್ಯ. ನಿಜಾಮನ ಸೀಮೆಯಲ್ಲಿ ‘ಹಾಲಿ ಸಿಕ್ಕಾ’ ನಾಣ್ಯ ಬೇರೆ, ಸರಕಿಗೆ ‘ಕರೋಡಗಿರಿ’ ಸುಂಕ ಬೇರೆ. ಅದಕ್ಕೂ ಹಿಂದೆ, 1839ರಲ್ಲಿ ಕರ್ನೂಲಿನ ನವಾಬನು ಪದಚ್ಯುತನಾಗುವವರೆಗೆ, ಪರ್ವತದ ಯಾತ್ರಿಕರು ಅವನಿಗೂ ತೆರಿಗೆ ತೆರಬೇಕಾಗಿತ್ತು. 1830ರಲ್ಲಿ ಮದರಾಸಿನಿಂದ ಕಾಶಿಗೆ ಹೊರಟು ಶ್ರೀಶೈಲವನ್ನು ಕಂಡ ಏನುಗುಲ ವೀರಸ್ವಾಮಿ ತನ್ನ ತೆಲುಗು ಯಾತ್ರಾಗ್ರಂಥದಲ್ಲಿ ಇದನ್ನು ಬರೆದಿಟ್ಟಿದ್ದಾನೆ.

ಸರಕಾರಗಳು ಬದಲಾದರೂ ಯಾತ್ರಿಕನ ಹಾದಿ ಬಹುಮಟ್ಟಿಗೆ ತೆರೆದೇ ಇತ್ತು. 1787ರಲ್ಲಿ ಟೀಪು ಸುಲ್ತಾನನಿಗೂ ಮರಾಠರಿಗೂ ಒಪ್ಪಂದವಾದದ್ದು ನಮ್ಮ ಗಜೇಂದ್ರಗಡದಲ್ಲಿಯೇ. ನರಗುಂದ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು. 1858ರಲ್ಲಿ ನರಗುಂದದ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಎದ್ದರು. ಮ್ಯಾನ್ಸನ್ ಸಾಹೇಬನ ಹತ್ಯೆಯಾಯಿತು. ಕೋಟೆ ಬಿದ್ದ ಮೇಲೆ ತಪ್ಪಿಸಿಕೊಂಡ ಬಾಬಾಸಾಹೇಬರು ತೊಟ್ಟಿದ್ದು ಪಂಢರಪುರಕ್ಕೆ ಹೊರಟ ಯಾತ್ರಿಕನ ವೇಷವನ್ನು. ಸೈನ್ಯ ಸುತ್ತುವರಿದ ನಾಡಿನಲ್ಲಿಯೂ ಯಾತ್ರಿಕನನ್ನು ತಡೆಯಲಾರರೆಂಬ ನಂಬಿಕೆ ಅದರ ಹಿಂದೆ ಇದ್ದಿರಬೇಕು. ಆ ನಂಬಿಕೆ ಅವರನ್ನು ಉಳಿಸಲಿಲ್ಲ. ಅವರು ಸೆರೆಸಿಕ್ಕರು, ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಈಗ ನಮ್ಮ ಮನೆಯ ಕಿರ್ದಿಗೆ ಬರುತ್ತೇನೆ. ಅದರಲ್ಲಿ ‘ಪರ್ವತದ ಬಾಬ್ತು’ ಎಂದು ಮೂರು ಸಲ ಹಣ ಕೂಡಿಟ್ಟ ದಾಖಲೆಯಿದೆ. ಮೂರೂ ಸಲ ಆ ಹಣ ಬೇರೆಡೆಗೆ ಹೋಗಿದೆ. ಮೊದಲನೆಯ ಸಲ ಎತ್ತು ಸತ್ತು ಹೊಸ ಎತ್ತು ಕೊಳ್ಳಬೇಕಾಯಿತು. ಎರಡನೆಯ ಸಲ ಅತ್ತೆಯ ಬಾಣಂತನ. ಮೂರನೆಯದು 1948ರ ಯುಗಾದಿಯ ಮುಂಚಿನದು. ಆ ವರ್ಷ ಹಾದಿಯೇ ಮುರಿದುಬಿದ್ದಿತ್ತು. ನಿಜಾಮನ ಸೀಮೆಯಲ್ಲಿ ರಜಾಕಾರರ ಹಾವಳಿ. ಗಜೇಂದ್ರಗಡದಲ್ಲಿ ವಿಮೋಚನಾ ಹೋರಾಟಗಾರರ ಗಡಿಶಿಬಿರ. ಕಂಬಿ ಹೊತ್ತವರು ಪೂರ್ವಕ್ಕೆ ಹೋಗಬೇಕಾಗಿದ್ದ ಹಾದಿಯಲ್ಲಿ ಮನೆಮಾರು ಬಿಟ್ಟ ಜನ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಪಶ್ಚಿಮಕ್ಕೆ ಬರುತ್ತಿದ್ದರು. ಕಿರ್ದಿಯಲ್ಲಿ ಅಜ್ಜನ ಅಕ್ಷರ ಇಷ್ಟೇ: ‘ಪರ್ವತದ ಬಾಬ್ತಿನಿಂದ, ಬಂದ ಮಂದಿಗೆ ಜೋಳ.’

ಆ ಹಣ ಅಜ್ಜಿಯ ಕೈಯದು. ಹಾಲು, ಬೆಣ್ಣೆ ಮಾರಿ ಕೂಡಿಟ್ಟದ್ದು. ನಾನು ಹುಡುಗನಾಗಿದ್ದಾಗ, ‘ನಿನಗೆ ಕೆಟ್ಟೆನಿಸಲಿಲ್ಲವೇನು?’ ಎಂದು ಕೇಳಿದ್ದೆ. ‘ಕೆಟ್ಟ ಅನಿಸಲಾರದ ಏನು ತಮ್ಮಾ? ಅತ್ತೆ ನಾನು. ಆದರ ಮಲ್ಲಯ್ಯ ಕುಂತಲ್ಲೇ ಕುಂತಿರ್ತಾನ, ಹಸದ ಕೂಸು ಕುಂದ್ರತೈತೇನು?’ ಎಂದಿದ್ದಳು.

ಪರ್ವತ ತಪ್ಪಿದಾಗಲೆಲ್ಲ ಅವಳು ಹೋಗುತ್ತಿದ್ದುದು ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರನಿಗೆ. ಆ ಗುಡಿ ಬೆಟ್ಟದ ಓರೆಯಲ್ಲಿ, ಬಂಡೆಗೆ ಬೆನ್ನು ಕೊಟ್ಟು ನಿಂತಿದೆ. ಜನ ಅದನ್ನು ದಕ್ಷಿಣಕಾಶಿ ಎನ್ನುತ್ತಾರೆ. ಮಳೆಗೆ ಬಾಯಿಬಿಡುವ ಈ ಸೀಮೆಯಲ್ಲಿ ಗುಡ್ಡದೊಳಗಿನಿಂದ ವರ್ಷವಿಡೀ ಜಿನುಗುವ ಅಂತರಗಂಗೆಯ ನೀರನ್ನು ಕಂಡವರಿಗೆ ಆ ಹೆಸರು ಅತಿಯೆನಿಸದು. ಯುಗಾದಿಯ ಹಿಂದಿನ ರಾತ್ರಿ ಗುಡಿಗೆ ತಾನಾಗಿಯೇ ಸುಣ್ಣ ಬಳಿದಿರುತ್ತದೆಂಬುದು ಭಕ್ತರ ನಂಬಿಕೆ. ದೂರದ ಪರ್ವತದಲ್ಲಿ ಯುಗಾದಿ, ಹತ್ತಿರದ ಗುಡ್ಡದಲ್ಲಿಯೂ ಯುಗಾದಿ. ಹೋಗಲಾರದವರ ಯಾತ್ರೆಗೂ ನಮ್ಮ ನಾಡು ಒಂದು ನೆಲೆಯನ್ನು ಇಟ್ಟಿತ್ತು.

ಆದರೂ ಅಜ್ಜಿ ಪರ್ವತವನ್ನು ಬಿಟ್ಟುಕೊಡಲಿಲ್ಲ. ಭ್ರಮರಾಂಬೆ ಕನ್ನಡಿಗರ ಮನೆಮಗಳು, ಮಲ್ಲಯ್ಯ ನಮ್ಮ ಅಳಿಯ ಎಂಬ ಭಾವನೆ ಉತ್ತರ ಕರ್ನಾಟಕದ ಯಾತ್ರಿಕರಲ್ಲಿ ಬಲವಾಗಿದೆ. ಅದಕ್ಕಾಗಿಯೇ ಯುಗಾದಿಗೆ ಸೀರೆ, ಬಳೆ, ಅರಿಷಿಣ ಕುಂಕುಮ ಒಯ್ಯುತ್ತಾರೆ. ಕಿರ್ದಿಯಲ್ಲಿ ವರ್ಷವರ್ಷವೂ ಒಂದು ಸಾಲು ತಪ್ಪದೆ ಬರುತ್ತದೆ: ‘ಪರ್ವತದ ಖಣ’, ಅದರ ಮುಂದೆ ಬೆಲೆ. ಗುಳೇದಗುಡ್ಡದ ಖಣವೊಂದನ್ನು ಕೊಂಡು, ಹೋಗುವವರ ಗಂಟಿನಲ್ಲಿ ಕಟ್ಟಿ ಕಳಿಸುತ್ತಿದ್ದಳು. 1948ರಲ್ಲಿ ಮಾತ್ರ ಆ ಸಾಲಿಲ್ಲ. ಒಯ್ಯುವವರೇ ಇರಲಿಲ್ಲ.

ಇಂದು ಹಾದಿ ಬಹಳ ಸುಗಮವಾಗಿದೆ. ಗಡಿಗಳು ಅಳಿದು, ನಮ್ಮ ಮೂರೂ ಊರುಗಳು 1997ರಿಂದ ಗದಗ ಜಿಲ್ಲೆಗೆ ಸೇರಿವೆ. ಸಂಜೆ ಬಸ್ಸು ಹತ್ತಿದವರು ಬೆಳಿಗ್ಗೆ ಪರ್ವತದಲ್ಲಿರುತ್ತಾರೆ. ಅಡವಿಯ ಕಾಲುಹಾದಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಯುತ್ತದೆ. ಹಬ್ಬದ ಗೊತ್ತಾದ ದಿನಗಳಲ್ಲಷ್ಟೇ ಅಲ್ಲಿ ಪ್ರವೇಶ. ಹೀಗಿದ್ದೂ ಯುಗಾದಿಗೆ ಮುನ್ನ ಕಂಬಿ ಹೊತ್ತು ನಡೆಯುವವರು, ಮರಗಾಲು ಕಟ್ಟಿಕೊಂಡು ನಡೆಯುವವರು ಇದ್ದೇ ಇದ್ದಾರೆ. ಹಾದಿಯ ಊರುಗಳವರು ಅವರಿಗೆ ಅನ್ನ ನೀರು ಕೊಡುವುದನ್ನು ಬಿಟ್ಟಿಲ್ಲ.

ನಾನು ನಡೆದವನಲ್ಲ, ಬಸ್ಸಿನಲ್ಲಿಯೇ ಹೋದೆ. ಶಿಖರೇಶ್ವರದಲ್ಲಿ ಇಳಿದು, ನಂದಿಯ ಕೊಂಬುಗಳ ನಡುವಿನಿಂದ ದೂರದ ಗುಡಿಯ ಶಿಖರವನ್ನು ನೋಡಲು ಎಲ್ಲರಂತೆ ನಾನೂ ಬಗ್ಗಿದೆ. ನನ್ನ ಚೀಲದಲ್ಲಿ ಗುಳೇದಗುಡ್ಡದ ಒಂದು ಖಣವಿತ್ತು. ಅದನ್ನು ಭ್ರಮರಾಂಬೆಗೆ ಮುಟ್ಟಿಸಿದೆ. ಊರಿಗೆ ಮರಳಿದ ಮೇಲೆ ಆ ಹಳೆಯ ಕಿರ್ದಿಯನ್ನು ತೆಗೆದು, 1948ರ ಪುಟದಲ್ಲಿ, ಜೋಳದ ಲೆಕ್ಕದ ಕೆಳಗೆ ಉಳಿದಿದ್ದ ಖಾಲಿ ಜಾಗದಲ್ಲಿ ಆ ಖಣದ ಬೆಲೆಯನ್ನು ಬರೆದಿಟ್ಟೆ.