ಒಂದೇ ಕಥೆ, ನಾಲ್ಕು ಕಲೆ: ವಾಲಿವಧೆ

ಕಾಸರಗೋಡಿನ ನಮ್ಮ ಸದಸ್ಯರಿಗೆ ವಾಲಿಯ ಕಥೆ ಹೊಸದೇನಲ್ಲ. ಸುಗ್ರೀವನೊಡನೆ ಕಾದುತ್ತಿದ್ದ ವಾಲಿಯನ್ನು ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟು ಕೆಡಹುತ್ತಾನೆ. ಇದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ. ಈ ಕಥೆಯನ್ನು ಒಂದೊಂದು ಕಲೆ ಹೇಗೆ ಹೇಳುತ್ತದೆ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಕೊಡುತ್ತಿದ್ದೇವೆ.

ಗಮಕ: ಕುಮಾರ ವಾಲ್ಮೀಕಿಯ ತೊರವೆ ರಾಮಾಯಣ ಭಾಮಿನಿ ಷಟ್ಪದಿಯಲ್ಲಿದೆ. ಗಮಕಿಗಳು ರಾಗವಾಗಿ ವಾಚಿಸುತ್ತಾರೆ, ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಾರೆ. ರಾಮನ ಮಾತೂ ವಾಲಿಯ ಮಾತೂ ಒಂದೇ ಕಂಠದಲ್ಲಿ ಬರುತ್ತವೆ.

ಯಕ್ಷಗಾನ ಬಯಲಾಟ: ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ರಾಮಾಯಣದ ಪ್ರಸಂಗಗಳು ಪ್ರಸಿದ್ಧವಾಗಿವೆ. ಭಾಗವತರು ಪದ ಹಾಡಿ ಕಥೆ ನಡೆಸುತ್ತಾರೆ. ವೇಷಧಾರಿ ಕುಣಿದು, ಪದದ ಅರ್ಥವನ್ನು ತನ್ನ ಮಾತಿನಲ್ಲಿ ಹೇಳುತ್ತಾನೆ. ಭಾಷೆ ಬಾರದವರಿಗೂ ಚೆಂಡೆಯ ಪೆಟ್ಟಿನಲ್ಲಿ ಕಾಳಗ ತಿಳಿಯುತ್ತದೆ.

ಕಥಕಳಿ: ಕೊಟ್ಟಾರಕ್ಕರ ತಂಬುರಾನ್ ರಚನೆಯೆಂದು ಹೇಳುವ ‘ಬಾಲಿವಧಂ’ ಇದೇ ಕಥೆ. ಇಲ್ಲಿ ಹಾಡುಗಾರರು ಹಿಂದೆ ನಿಂತು ಹಾಡುತ್ತಾರೆ, ನಟ ಮಾತಾಡುವುದಿಲ್ಲ. ಕೈಮುದ್ರೆ ಮತ್ತು ಕಣ್ಣುಗಳೇ ಮಾತು. ವಾಲಿಯ ಮರಣವನ್ನು ಬಹಳ ನಿಧಾನವಾಗಿ ಅಭಿನಯಿಸುತ್ತಾರೆ.

ತಾಳಮದ್ದಳೆ: ಯಕ್ಷಗಾನದ್ದೇ ಪ್ರಸಂಗ, ಅದೇ ಪದಗಳು. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತು ಮಾತಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಆಗಲೇ ಹುಟ್ಟುವಂಥದು. ಬಾಣ ತಗಲುವುದು ಎಲ್ಲರಿಗೂ ಗೊತ್ತು. ವಾಲಿಯ ಪ್ರಶ್ನೆಗೆ ಈ ಸಲದ ರಾಮ ಏನು ಹೇಳುತ್ತಾನೆ ಎಂದು ಕೇಳಲು ಜನ ಬರುತ್ತಾರೆ.

ನಮ್ಮ ಚಿಂತೆ ಇರುವುದೂ ಇಲ್ಲೇ. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ. ನಮ್ಮಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ಮಲಯಾಳ ಇಲ್ಲವೇ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತಿದ್ದಾರೆ. ಬಯಲಾಟವನ್ನು ಅವರು ಕಣ್ಣಿನಿಂದಲಾದರೂ ಸವಿಯುತ್ತಾರೆ. ತಾಳಮದ್ದಳೆಯಲ್ಲಿ ವಾದ ಏರುವ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಾರೆ. ಅವರಿಗೆ ಆಸಕ್ತಿಯಿಲ್ಲವೆಂದು ನಾವು ದೂರಿದ್ದುಂಟು. ಮಾತು ಅರ್ಥವಾಗದೆ ಎರಡು ಗಂಟೆ ಕೂರುವುದು ದೊಡ್ಡವರಿಗೂ ಕಷ್ಟವೇ.

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ತಾಳಮದ್ದಳೆಗಳು ಶುರುವಾಗುತ್ತವೆ. ಮಕ್ಕಳನ್ನು ಕರೆತರುವ ಮುಂಚೆ ಮನೆಯಲ್ಲಿ ಕಥೆಯನ್ನು ಕನ್ನಡದಲ್ಲಿ ಹೇಳಿ. ವಾಲಿಯ ಪ್ರಶ್ನೆಯನ್ನು ಅವರಿಗೇ ಕೇಳಿ. ಉತ್ತರ ಯೋಚಿಸಿಕೊಂಡು ಬಂದ ಮಗು ರಾಮನ ಉತ್ತರಕ್ಕೂ ಕಾಯುತ್ತದೆ.