ಮಲಗಿದ ಮನೆಯಲ್ಲಿ ವಾಲ್ವ್ ಆಂಪ್

ಜತ್ತದಲ್ಲಿ ನಮ್ಮ ಮನೆ ಇರುವುದು ಅಂಗಡಿಯ ಹಿಂದೆ. ಕೋಣೆಗಳ ನಡುವೆ ತೆಳು ಗೋಡೆ, ಮೇಲೆ ತಗಡು. ಉಪ್ಪ ಸುಬ್‌ಹಿ ನಮಾಝಿಗೆ ಏಳುವವರು, ರಾತ್ರಿ ಹತ್ತಕ್ಕೆಲ್ಲ ಮಲಗಿಬಿಡುತ್ತಾರೆ. ನನಗೆ ಗಿಟಾರ್ ಹಿಡಿಯಲು ಬಿಡುವಾಗುವುದು ಹತ್ತರ ನಂತರವೇ. ನನ್ನದು ಐದು ವ್ಯಾಟಿನ ವಾಲ್ವ್ ಆಂಪ್ಲಿಫೈಯರ್. ಐದೇ ಅಲ್ಲವೇ ಎನ್ನಬೇಡಿ, ಓಣಿ ಎಬ್ಬಿಸಲು ಅಷ್ಟು ಸಾಕು.

ಒಂದು ರಾತ್ರಿ ನಾನು ಮಾಡಿದ ಬುದ್ಧಿವಂತಿಕೆ ಕೇಳಿ. ಸ್ಪೀಕರಿನ ವಯರ್ ಕಳಚಿಟ್ಟು, ಇನ್ನು ಸದ್ದಿಲ್ಲ ಎಂದು ಜೋರಾಗಿ ಬಾರಿಸಿದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿತ್ತು. ಅದನ್ನು ಸರಿಮಾಡಲು ಕುಳಿತಾಗ ವಾಲ್ವ್ ಮತ್ತು ಹೆಡ್‌ಫೋನಿನ ಹಳೆಯ ಸಂಬಂಧ ತಿಳಿಯುತ್ತಾ ಹೋಯಿತು.

1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಮೊದಲ ವಾಲ್ವ್ ಮಾಡಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ತಂತಿಯೊಂದನ್ನು ಸೇರಿಸಿದರು. ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ದಾರಿ ಅಲ್ಲಿಂದ ತೆರೆಯಿತು. ಆದರೆ ಆಗಿನ ರೇಡಿಯೊ ಕೇಳಲು ಹೆಡ್‌ಫೋನೇ ಬೇಕಿತ್ತು, ಸಂಕೇತ ಅಷ್ಟು ಬಡಕಲು. ಯೂಟಾದ ನಥಾನಿಯಲ್ ಬಾಲ್ಡ್‌ವಿನ್ 1910ರಲ್ಲಿ ಮನೆಯಲ್ಲೇ ಹೆಡ್‌ಫೋನ್ ಮಾಡಿ ಅಮೆರಿಕದ ನೌಕಾಪಡೆಗೆ ಕೊಟ್ಟರು. ಅಂದರೆ ರೇಡಿಯೊ ಮೊದಲು ಒಬ್ಬರ ಕಿವಿಯ ಸೊತ್ತು. ಅದನ್ನು ಇಡೀ ಮನೆಗೆ ಕೇಳಿಸಿದ್ದು ಬಲಿತ ವಾಲ್ವ್ ಮತ್ತು ಸ್ಪೀಕರ್.

ನಮ್ಮ ದೇಶದಲ್ಲಿ 1927ರ ಜುಲೈ 23ರಂದು ಮುಂಬಯಿ ಕೇಂದ್ರ ಪ್ರಸಾರ ಆರಂಭಿಸಿತು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರುಮಾಡಿದರು. ಧಾರವಾಡ ಕೇಂದ್ರ ಬಂದದ್ದು 1950ರಲ್ಲಿ, ಸಾಂಗಲಿಯದ್ದು 1963ರಲ್ಲಿ. ನಮ್ಮದು ಗಡಿ ತಾಲ್ಲೂಕು. ಒಂದೇ ಪೆಟ್ಟಿಗೆಯ ಮುಳ್ಳು ತಿರುಗಿಸಿದರೆ ಧಾರವಾಡದ ಕನ್ನಡವೂ ಸಾಂಗಲಿಯ ಮರಾಠಿಯೂ.

ಆ ಪೆಟ್ಟಿಗೆಗಳೊಳಗೆ ಬೆಂಗಳೂರಿನ ಬಿಇಎಲ್ 1960ರ ದಶಕದಲ್ಲಿ ತಯಾರಿಸುತ್ತಿದ್ದ ವಾಲ್ವುಗಳೂ ಇರುತ್ತಿದ್ದವು. ಆ ಕಾಲದ ಎಷ್ಟೋ ರೇಡಿಯೊಗಳಲ್ಲಿ ಸ್ಪೀಕರಿಗೆ ಬಲ ಕೊಡುತ್ತಿದ್ದ ಇಎಲ್84 ಎಂಬ ವಾಲ್ವೇ ಇಂಗ್ಲೆಂಡಿನ ಹೆಸರಾಂತ ಗಿಟಾರ್ ಆಂಪ್ ವಾಕ್ಸ್ ಎಸಿ30ರಲ್ಲೂ ಇದೆ, ಅದರಲ್ಲಿ ನಾಲ್ಕು. ಅಜ್ಜನ ರೇಡಿಯೊ ಮತ್ತು ಮೊಮ್ಮಗನ ಆಂಪ್ ಒಂದೇ ಮನೆತನದವು.

ಇನ್ನು ನನ್ನ ತಪ್ಪಿನ ಲೆಕ್ಕ. ವಾಲ್ವಿಗೆ ಬೇಕಾದದ್ದು ಸುಮಾರು 5000 ಓಮ್, ಸ್ಪೀಕರ್ ಇರುವುದು 8 ಓಮ್. ನಡುವಿನ ಟ್ರಾನ್ಸ್‌ಫಾರ್ಮರ್ ಗೇರ್‌ಬಾಕ್ಸ್ ಇದ್ದಂತೆ, ಸುರುಳಿಗಳ ಲೆಕ್ಕದಲ್ಲಿ 25ಕ್ಕೆ 1. ಸ್ಪೀಕರ್ ಕಳಚಿದರೆ ಹೊರೆ ಇಲ್ಲ. ಜೋರಾಗಿ ಹರಿಯುವ ನೀರಿಗೆ ಗೇಟ್‌ವಾಲ್ವ್ ತಟ್ಟನೆ ಮುಚ್ಚಿದರೆ ಪೈಪು ಧಡ್ ಎನ್ನುವುದಿಲ್ಲವೇ? ಹಾಗೆಯೇ ಇಲ್ಲಿ ವೋಲ್ಟೇಜ್ ಒಮ್ಮೆಗೇ ಏರಿ ಸುರುಳಿಯ ನಿರೋಧಕ ಲೇಪವನ್ನೇ ತೂತು ಮಾಡುತ್ತದೆ. ಸದ್ದು ಬೇಡವೆಂದರೂ ಹೊರೆ ಬೇಕೇ ಬೇಕು. ಸ್ಪೀಕರಿನ ಜಾಗದಲ್ಲಿ 8 ಓಮಿನ ದಪ್ಪ ರೆಸಿಸ್ಟರ್ ಇಟ್ಟು, ಆ ಶಕ್ತಿಯನ್ನು ಬಿಸಿಯಾಗಿ ಹೋಗಲು ಬಿಟ್ಟು, ಅದರಿಂದ ಸಣ್ಣ ಪಾಲನ್ನು ಹೆಡ್‌ಫೋನಿಗೆ ಕೊಡಬೇಕು. ಗಿಟಾರಿನ ಸ್ಪೀಕರ್ ಚೂಪು ಸ್ವರಗಳನ್ನು ತಾನೇ ತಡೆಯುತ್ತದೆ, ಹೆಡ್‌ಫೋನ್ ತಡೆಯುವುದಿಲ್ಲ. ಫಿಲ್ಟರ್ ಇಲ್ಲದಿದ್ದರೆ ಕಿವಿಯಲ್ಲಿ ಸೊಳ್ಳೆ ಕೂತಂತೆ ಕೇಳುತ್ತದೆ.

ಈ ಕೆಲಸದಲ್ಲಿ ಹೆಸರು ಮಾಡಿದ ಒಬ್ಬರು 'ಬೋಸ್ಟನ್' ಬ್ಯಾಂಡಿನ ಟಾಮ್ ಶೋಲ್ಜ್. ಅವರು ಎಂಐಟಿಯಲ್ಲಿ ಕಲಿತದ್ದು ನನ್ನ ಹಾಗೆ ಮೆಕ್ಯಾನಿಕಲ್! ಆಂಪಿನ ಹೊರೆ ಹೊರುವ 'ಪವರ್ ಸೋಕ್' ಅವರದ್ದು. 1982ರಲ್ಲಿ ತಂದ 'ರಾಕ್‌ಮ್ಯಾನ್' ಹೆಡ್‌ಫೋನ್ ಆಂಪ್ ಕೂಡ ಅವರದ್ದೇ, ಆದರೆ ಅದರಲ್ಲಿ ವಾಲ್ವ್ ಇಲ್ಲ.

ನಮ್ಮಲ್ಲಿ ಕೆಲವರು ಕೇಳಬಹುದು, ಮುಸ್ಲಿಂ ಹುಡುಗನಿಗೆ ಇದೆಲ್ಲ ಏಕೆಂದು. ಆ ಚರ್ಚೆ ಉಲಮಾಗಳದ್ದು, ನಾನು ಅದಕ್ಕೆ ಕೈಹಾಕುವುದಿಲ್ಲ. ಇತಿಹಾಸ ಮಾತ್ರ ಹೇಳುತ್ತೇನೆ. ನಮ್ಮ ಜಿಲ್ಲೆಯ ಮಿರಜದಲ್ಲಿ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮುಸ್ಲಿಮರು 19ನೇ ಶತಮಾನದಲ್ಲಿ ತಂಬೂರಿ, ಸಿತಾರ್ ಮಾಡಲು ಕಲಿತರು. ಆ ಕಸುಬು ಇಂದಿಗೂ ಇದೆ. 1937ರಲ್ಲಿ ತೀರಿಕೊಂಡ ಉಸ್ತಾದ್ ಅಬ್ದುಲ್ ಕರೀಂ ಖಾನರ ಕಬರ್ ಅಲ್ಲಿನ ಮೀರಾಸಾಹೇಬ್ ದರ್ಗಾದ ಆವರಣದಲ್ಲಿದೆ. ನಮ್ಮ ಕರಾವಳಿಯ ದಫ್ಫೂ ರಾತ್ರಿಯಿಡೀ ಕೇಳಿದ ಸದ್ದೇ.

ಸಂಗೀತದ ಬಗ್ಗೆ ಎರಡು ಅಭಿಪ್ರಾಯ ಇರಬಹುದು, ನೆರೆಯವರ ಹಕ್ಕಿನ ಬಗ್ಗೆ ಇಲ್ಲ. ನನ್ನ ಸಂತೋಷದ ಹೊರೆಯನ್ನು ಮಲಗಿದವರ ಕಿವಿ ಹೊರಬಾರದು, ರೆಸಿಸ್ಟರ್ ಹೊರಲಿ.

ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿದ ರಾತ್ರಿ ಉಪ್ಪ ನೀರು ಕುಡಿಯಲು ಎದ್ದು ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಬಾಗಿ ವಾಲ್ವಿನ ಕೆಂಪು ಬೆಳಕು ನೋಡಿದರು. "ಇದು ರೇಡಿಯೊ ಅಲ್ವಾ? ನಮ್ಮದೂ ಬಿಸಿ ಆಗುವ ತನಕ ಮಾತಾಡ್ತಿರಲಿಲ್ಲ" ಎಂದರು. ಹೆಡ್‌ಫೋನ್ ಅವರ ಕಿವಿಗೆ ಇಟ್ಟು ಒಂದು ತಂತಿ ಮೀಟಿದೆ. ಸ್ವಲ್ಪ ಹೊತ್ತು ಕೇಳಿ, ಕಳಚಿ ಕೈಗೆ ಕೊಟ್ಟು, "ಬೇಗ ಮಲಗು" ಎಂದು ಹೋದರು. ನಿಲ್ಲಿಸು ಎನ್ನಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ವಾಲ್ವ್ ರೇಡಿಯೊ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಪ್ಲಗ್ಗಿಗೂ ಹಾಕಬೇಡಿ, ಒಳಗೆ 200–300 ವೋಲ್ಟ್ ಇರುತ್ತದೆ. ತಿಳಿದವರಿಗೆ ಮೊದಲು ತೋರಿಸಿ. ಅದರ ಮುಂದೆ ಯಾರು ಯಾರು ಕೂರುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ, ಬರೆದಿಡಿ.