ಬರ್ಲಿನ್ನಿನ ಹಸಿವು ಕಲಿಸಿದ ಲೆಕ್ಕ

1948ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟ ಪಶ್ಚಿಮ ಬರ್ಲಿನ್ನಿನ ರಸ್ತೆ, ರೈಲು, ಜಲಮಾರ್ಗಗಳನ್ನು ಮುಚ್ಚಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಆಹಾರ, ಕಲ್ಲಿದ್ದಲು ವಿಮಾನದಲ್ಲೇ ಬರಬೇಕಾಯಿತು. ವಿಮಾನಗಳೇನೋ ಹಾರಿದವು, ಸರಕಿನ ಪಟ್ಟಿಗಳು ಮಾತ್ರ ಒಂದೊಂದು ಭಾಷೆಯಲ್ಲಿ, ಒಂದೊಂದು ನಮೂನೆಯಲ್ಲಿದ್ದವು. ಅಮೆರಿಕ ಸೇನೆಯ ಎಡ್ವರ್ಡ್ ಗಿಲ್ಬರ್ಟ್ ಮತ್ತು ಸಂಗಡಿಗರು ಟೆಲೆಕ್ಸ್, ದೂರವಾಣಿ ಯಾವುದರಲ್ಲಾದರೂ ಕಳಿಸಬಹುದಾದ ಒಂದೇ ನಮೂನೆಯ ಪಟ್ಟಿಯನ್ನು ರೂಪಿಸಿದರು. 1949ರ ಸೆಪ್ಟೆಂಬರ್ ವೇಳೆಗೆ 20 ಲಕ್ಷ ಟನ್ನಿಗೂ ಹೆಚ್ಚು ಸರಕು ನಗರ ಮುಟ್ಟಿತ್ತು.

ಈ ಪಾಠ ಮುಂದೆ ವ್ಯಾಪಾರಕ್ಕೂ ಬಂತು. 1968ರಲ್ಲಿ ಅಮೆರಿಕದ ಸಾಗಣೆ ಉದ್ಯಮ ಇದಕ್ಕೆಂದೇ ಸಮಿತಿ ರಚಿಸಿತು. 1975ರಲ್ಲಿ ಮೊದಲ ನಿಯಮಾವಳಿ ಹೊರಬಂತು. 1987ರಲ್ಲಿ ವಿಶ್ವಸಂಸ್ಥೆಯ ‘ಎಡಿಫ್ಯಾಕ್ಟ್’ ಪದ್ಧತಿಗೆ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ಖರೀದಿ ಆದೇಶ, ರವಾನೆ ಪಟ್ಟಿ, ಬಿಲ್ಲು ಇವುಗಳಲ್ಲಿ ಯಾವ ಕಲಮಿನಲ್ಲಿ ಏನಿರಬೇಕೆಂಬುದು ನಿಗದಿಯಾಯಿತು. ಆಮೇಲೆ ಒಂದು ಸಂಸ್ಥೆಯ ಕಂಪ್ಯೂಟರ್ ಕಳಿಸಿದ್ದನ್ನು ಇನ್ನೊಂದರ ಕಂಪ್ಯೂಟರ್ ಓದಿಕೊಂಡು ಮುಂದಿನ ಕೆಲಸಕ್ಕೆ ಅಣಿಯಾಗತೊಡಗಿತು. ನಡುವೆ ಗುಮಾಸ್ತರು ಮತ್ತೆ ಬರೆಯಬೇಕಿರಲಿಲ್ಲ.

ಇಂದು ಮೊಬೈಲಿನಲ್ಲಿ ಕೊಟ್ಟ ಆದೇಶ ಗೋದಾಮು, ಲಾರಿ, ಹಣ ಪಾವತಿ ಎಲ್ಲವನ್ನೂ ತಾನಾಗಿ ದಾಟಿ ಸಾಗುವುದೂ ಇಂಥ ಒಪ್ಪಂದಗಳ ಬಲದಿಂದಲೇ. ಯಂತ್ರಗಳು ಮಾತಾಡುವ ಮೊದಲು ಮನುಷ್ಯರು ಒಂದು ಮಾತಿಗೆ ಬರಬೇಕಾಯಿತು.